ಸ್ವಿಚ್ಚಿಗೆ ತೂಗಿದ್ದ ಫೋಟೋ

ಫೆಲಿಕ್ಸ್, ಆ ದಿನ ಸ್ವಿಚ್ಚಿನ ಮೇಲೆ ಕಾರ್ಡ್ ಇರಲಿಲ್ಲ. ನೀನು ಹೇಳಿದ್ದು ನಿಜ. ತೆಗೆದವಳು ನಾನು — ಆಮೇಲೆ ಯಾರೂ ನೋಡದಾಗ ಮತ್ತೆ ತೂಗುಹಾಕಿದವಳೂ ನಾನೇ.

ಶುಕ್ರವಾರ ರಜೆಯೆಂದು ನಾನೂ ಮಗನೂ ಅಲ್ ನಹ್ದಾದ ಅವನ ಮನೆಯಿಂದ ತಿರುಗಾಡಲು ಹೊರಟಿದ್ದೆವು. ಕಂಬದ ಮೇಲೆ ಏನೋ ಕೆಟ್ಟಿದೆ ಎಂದು ನೀವಿಬ್ಬರೂ ಕೆಲಸ ಮಾಡುತ್ತಿದ್ದ ರೇಡಿಯೋ ಸ್ಟೇಷನ್ನಿನಿಂದ ಸುಧಾಕರನಿಗೆ ಫೋನ್ ಬಂತು. ನನ್ನನ್ನೂ ಕರೆದುಕೊಂಡೇ ಬಂದ. ಮರುಭೂಮಿಯ ಮರಳಿನ ನಡುವೆ ಆ ಎತ್ತರದ ಕಂಬ ನೋಡಿಯೇ ನನ್ನ ಎದೆ ಹಾರಿತ್ತು. ಅವನು ಹತ್ತಲು ಹೋದ ಮೇಲೆ ನೀನು ಸ್ವಿಚ್ಚುಗಳಿದ್ದ ಕೋಣೆಯಲ್ಲಿ ನನ್ನನ್ನು ಕೂರಿಸಿ ಚಾ ಕೊಟ್ಟು ನಕ್ಕೆ.

“ಎಂತ ಅಮ್ಮ, ಮಗನಿಗೆ ಕಾವಲಾ? ಈ ಕಂಬಕ್ಕೆ ಅವನಿಗಿಂತ ಹೆಚ್ಚು ಪ್ರಾಯ. ಇಲ್ಲಿ ಸರಿ ರೋಡ್ ಇಲ್ಲದಾಗ ದೋಣಿಯವರಿಗೆ, ಲೇಬರ್ ಕ್ಯಾಂಪಿನವರಿಗೆ ಸುದ್ದಿ, ಹಾಡು ಎಲ್ಲ ಇದರಿಂದಲೇ ಹೋದದ್ದು. ಟೀವಿ ಕೂಡ!”

ನೀನು ಜನರೇಟರ್ ನೋಡಲು ಹೊರಗೆ ಹೋದೆ. ಹತ್ತುವವನು ತನ್ನ ಫೋಟೋ ಇರುವ ಕಾರ್ಡನ್ನು ಸ್ವಿಚ್ಚಿಗೆ ತೂಗುಹಾಕಬೇಕು, ಅದು ಇರುವವರೆಗೆ ಯಾರೂ ಕರೆಂಟ್ ಹಾಕಬಾರದು — ಈ ಕ್ರಮ ನನಗೆ ಗೊತ್ತಿರಲಿಲ್ಲ. ಕೇಳಬಹುದಿತ್ತು, ಕೇಳಲಿಲ್ಲ. ಕಂಡದ್ದು ಕೆಂಪು ದಾರದಲ್ಲಿ ನೇತಾಡುವ ಮಗನ ಮುಖ, ಅದರ ಕೆಳಗೊಂದು ತಲೆಬುರುಡೆಯ ಚಿತ್ರ. ನಮ್ಮಲ್ಲಿ ಹಾಗೆ ಒಂಟಿ ಫೋಟೋ ತೂಗುಹಾಕುವುದು ಸತ್ತವರದ್ದು. ತೆಗೆದು ಬ್ಯಾಗಿಗೆ ಹಾಕಿಕೊಂಡೆ.

ನೀನು ಬಂದು ಸ್ವಿಚ್ ನೋಡಿದೆ. “ಇಳಿದನಾ ಅಮ್ಮ?”

ನಾನು ಹೌದೆಂದು ತಲೆಯಾಡಿಸಿದೆ. ಯಾಕೆ — ಫೋಟೋ ಎಲ್ಲಿ ಎಂದು ನೀನು ಕೇಳಬಾರದೆಂದು, ಅಷ್ಟೇ.

ನೀನು ಕರೆಂಟ್ ಹಾಕಿದೆ. ಹೊರಗೆ ಒಂದು ಕೂಗು. ಕಂಬದಿಂದ ನೆಲಕ್ಕೆ ಕಾಲಿಡುತ್ತಿದ್ದ ಮಗನನ್ನು ಕಂಬದಲ್ಲಿ ಹರಿದ ಕರೆಂಟ್ ಎತ್ತಿ ಎಸೆದಿತ್ತು. ಸ್ವಿಚ್ ಇಳಿಸಿ ನೀನು ಓಡಿದೆ. ನಾನು, ಹೆತ್ತವಳು, ಮೊದಲು ಓಡಲಿಲ್ಲ. ಕಾರ್ಡನ್ನು ಇದ್ದಲ್ಲಿಗೆ ಸಿಕ್ಕಿಸಿದೆ.

ಮಗ ಸುಟ್ಟ ಕೈಕಾಲಿನಲ್ಲಿ ಬದುಕಿಕೊಂಡ. ಮರುದಿನ ಮ್ಯಾನೇಜರ್ ಎದುರು ನೀನು ಅತ್ತೆ. “ಕಾರ್ಡ್ ಇರಲೇ ಇಲ್ಲ ಮಾರಾಯ್ರೆ, ದೇವರಾಣೆ! ಅಮ್ಮನ ಹತ್ರ ಕೇಳಿ!”

ಎಲ್ಲರೂ ನನ್ನತ್ತ ತಿರುಗಿದರು.

“ಇತ್ತು” ಎಂದೆ.

“ಖಲಾಸ್” ಎಂದ ಮ್ಯಾನೇಜರ್. ನಿನ್ನ ವೀಸಾ ರದ್ದು ಮಾಡಿ ಊರಿಗೆ ಕಳಿಸಿದರು.

ಈಗಲೂ ಲಿಫ್ಟಿನ ಬಾಗಿಲು ತೆರೆದರೆ ನೀನೇ ಬಂದೆಯೇನೋ ಎಂದು ತಿರುಗಿ ನೋಡುತ್ತೇನೆ. ಸುಧಾಕರ ಇವತ್ತಿಗೂ ನಿನ್ನನ್ನು ಸುಳ್ಳುಗಾರ ಎನ್ನುತ್ತಾನೆ. ನಾನು ಅನ್ನ ಬಡಿಸುತ್ತಾ ಕೇಳಿಸಿಕೊಳ್ಳುತ್ತೇನೆ. ನಿನಗೆ ಕಳಿಸುವ ಮೊದಲು ಈ ಕಾಗದವನ್ನು ಅವನು ಓದಬೇಕು. ಓದಿದ ಮೇಲೆ ನನ್ನನ್ನು ಅಮ್ಮ ಎಂದು ಕರೆಯುತ್ತಾನೋ —

ಬಾಗಿಲಲ್ಲಿ ಅವನ ಕೀಲಿ ತಿರುಗುವ ಸದ್ದಾಗುತ್ತಿದೆ. ಹಾಳೆ ಮಡಚಿ ಬಚ್ಚಿಡು ಎನ್ನುತ್ತಿದೆ ಕೈ. ಮೇಜಿನ ಮೇಲೆ ಬಿಡಿಸಿಯೇ ಇಟ್ಟಿದ್ದೇನೆ.