ಹೂ ಬಿಟ್ಟ ಸಸಿ

ನಮ್ಮ ಕಾಲೇಜಿನ ಸಸ್ಯಶಾಸ್ತ್ರ ವಿಭಾಗದಲ್ಲಿ ಈ ಕಥೆಯನ್ನು ಹೇಳುವ ರೀತಿಯೇ ಬೇರೆ. ಗುಬ್ಬಿಯ ಹುಡುಗಿಯೊಬ್ಬಳು ಪ್ರಾಜೆಕ್ಟಿನಲ್ಲಿ ತಪ್ಪು ಬರೆದಳಂತೆ, ಕುಣಿಗಲ್ಲಿನ ಬಾಯಿಬಡುಕಿಯೊಬ್ಬಳು ಅವಳ ತಲೆ ಕೆಡಿಸಿದಳಂತೆ, ಮೇಷ್ಟ್ರು ತಾಳ್ಮೆಯಿಂದ ತಿದ್ದಿದರಂತೆ. ಆ ಬಾಯಿಬಡುಕಿ ನಾನು. ತಾಳ್ಮೆ ಎಂಬ ಮಾತಿಗೆ ನನ್ನ ತಕರಾರಿದೆ. ತಪ್ಪು ಎಂಬ ಮಾತಿಗೆ ಅದಕ್ಕಿಂತ ದೊಡ್ಡ ತಕರಾರಿದೆ.

ತೊಂಬತ್ತರ ದಶಕದ ಕೊನೆ. ತುಮಕೂರಿನಲ್ಲಿ ನಾವಿಬ್ಬರೂ ಬಿ.ಎಸ್ಸಿ. ಕೊನೆಯ ವರ್ಷ. ಊರ್ಡಿಗೆರೆ ಕಡೆ ಬಂಡೆಯ ಬುಡದಲ್ಲಿ ನೀರು ಜಿನುಗುವ ಮರಳು ನೆಲವಿದೆ. ಮಳೆಗಾಲ ಮುಗಿಯುವ ಹೊತ್ತಿಗೆ ಅಲ್ಲಿ ಡ್ರೋಸೆರಾ ಏಳುತ್ತದೆ. ಎಲೆಯ ಮೇಲಿನ ಅಂಟಿನಲ್ಲಿ ನುಸಿ ಹಿಡಿದು ಅರಗಿಸಿಕೊಳ್ಳುವ ಗಿಡ. ನೋಡಲು ಎರಡು ಬಗೆ. ಒಂದು ನೆಲಕ್ಕೆ ಅಂಟಿದ ಕೆಂಪು ಬಿಲ್ಲೆ, ಇನ್ನೊಂದು ನೆಟ್ಟಗೆ ನಿಂತ ದಾರದೆಲೆಯದು. ಚಪ್ಪಟೆಯದು ಸಸಿ, ನೆಟ್ಟಗಿರುವುದು ಅದೇ ಬೆಳೆದದ್ದು ಎನ್ನುವುದು ಮೇಷ್ಟ್ರ ಸಿದ್ಧಾಂತ. ಅವರೇ ಬಣ್ಣ ಹಚ್ಚಿ ಬರೆದ ಚಾರ್ಟು ಲ್ಯಾಬಿನ ಗೋಡೆಯ ಮೇಲಿತ್ತು: ಚಪ್ಪಟೆ, ಬಾಣದ ಗುರುತು, ನೆಟ್ಟಗೆ. ಎಷ್ಟೋ ಬ್ಯಾಚುಗಳು ಅದನ್ನೇ ರೆಕಾರ್ಡಿಗೆ ಇಳಿಸಿ ಪಾಸಾಗಿದ್ದವು.

ಯಾರೂ ಪ್ರಶ್ನಿಸಲಿಲ್ಲ, ಏಕೆಂದರೆ ಯಾರೂ ಚಪ್ಪಟೆ ಗಿಡದ ಹೂ ನೋಡಿರಲಿಲ್ಲ. ಆ ಹೂ ಬೆಳಗಿನ ಬಿಸಿಲಿಗೆ ಅರಳಿ ಮಧ್ಯಾಹ್ನಕ್ಕೆ ಮುಚ್ಚಿಕೊಳ್ಳುತ್ತದೆ. ನಮ್ಮ ಪ್ರವಾಸದ ಬಸ್ಸಿಗೋ ಹೊರಡುವ ಮುಂಚೆ ಪೂಜೆ, ದಾರಿಯಲ್ಲಿ ತಟ್ಟೆ ಇಡ್ಲಿ, ದುರ್ಗದ ಬೆಟ್ಟದಲ್ಲಿ ದೇವರ ದರ್ಶನ, ಆಮೇಲೆ ಗ್ರೂಪ್ ಫೋಟೊ. ಜಾಗ ಮುಟ್ಟುವುದು ಊಟದ ಹೊತ್ತಿಗೆ. "ನೋಡ್ಕಳ್ರಪ್ಪ, ಚಿಕ್ಕದ್ರಲ್ಲಿ ಹೂ ಇರಲ್ಲ" ಎನ್ನುತ್ತಿದ್ದರು ಮೇಷ್ಟ್ರು. ದೇವರಿಗೂ ಇಡ್ಲಿಗೂ ಸಿಕ್ಕ ಬೆಳಗು ಗಿಡಕ್ಕೆ ಸಿಗಲಿಲ್ಲ. ಅದನ್ನೇ ವಿಜ್ಞಾನ ಎಂದು ನಮಗೆ ಬಡಿಸಿದರು.

ಗುಬ್ಬಿಯ ಗೆಳತಿ ನಂಬಲಿಲ್ಲ. ನೆಟ್ಟಗಿನ ಗಿಡದ ಬೀಜ ತಂದು, ಮನೆಯ ತಾರಸಿಯಲ್ಲಿ ಒದ್ದೆ ಮರಳಿನ ಮೇಲೆ ಉದುರಿಸಿದಳು. ಬೋರ್‌ವೆಲ್ ನೀರು ಅದಕ್ಕೆ ಆಗುವುದಿಲ್ಲವೆಂದು ಮಳೆನೀರು ಹಿಡಿದಿಟ್ಟು ಹನಿಸಿದಳು. "ಪಾಚಿಗೆ ಇಷ್ಟು ಸೇವೆ ಮಾಡ್ತೀಯಲ್ಲ, ಕೊತ್ತಂಬ್ರಿಯಾದ್ರೂ ಹಾಕು, ಸಾರಿಗಾಗತ್ತೆ" ಎಂದು ಅವಳ ಅಮ್ಮಿ ಗೊಣಗುತ್ತಿದ್ದರು. ಮೊಳೆತ ಸಸಿಗಳ ಎಲೆ ಎಳೆಯದರಲ್ಲೇ ದಾರದಂತಿತ್ತು. ಒಂದೂ ಬಿಲ್ಲೆಯಾಗಲಿಲ್ಲ. ಚಪ್ಪಟೆಯ ಗಿಡದ ಎಲೆಯೋ ಚಮಚದಂತೆ ತುದಿಯಲ್ಲಿ ಅಗಲ, ಬುಡದಲ್ಲಿ ಸಣ್ಣ ಪೊರೆ. ದಾರದೆಲೆಯದಕ್ಕೆ ಆ ಪೊರೆಯೇ ಇಲ್ಲ. ಇವು ಎರಡು ಜಾತಿ, ಚಪ್ಪಟೆಯದು ಬರ್ಮಾನಿ, ನೆಟ್ಟಗಿನದು ಇಂಡಿಕಾ ಎಂದು ಅವಳು ಪ್ರಾಜೆಕ್ಟಿನಲ್ಲಿ ಬರೆದಳು.

ಆ ಸಾಲು ಇದ್ದರೆ ಸಹಿ ಹಾಕುವುದಿಲ್ಲ ಎಂದರು ಮೇಷ್ಟ್ರು. ಮನೆಯಲ್ಲಿ ಬೆಳೆದದ್ದು ಲೆಕ್ಕಕ್ಕಿಲ್ಲವಂತೆ. ಸಹಿ ಇಲ್ಲದೆ ಅಂಕವಿಲ್ಲ, ಅಂಕವಿಲ್ಲದೆ ಅವಳಿಗೆ ಎಂ.ಎಸ್ಸಿ. ಸೀಟಿಲ್ಲ.

ಮರುದಿನ ಮೊದಲ ಬಸ್ಸಿಗೆ ಊರ್ಡಿಗೆರೆಗೆ ಹೋದೆವು. ಬಿಸಿಲೇರುತ್ತಿದ್ದಂತೆ ಚಪ್ಪಟೆ ಗಿಡದ ನಡುವಿನಿಂದ ಎದ್ದ ಕಡ್ಡಿಯ ತುದಿಯಲ್ಲಿ ಬಿಳಿ ಹೂ ಬಿಚ್ಚಿಕೊಂಡಿತು.

"ಸಸಿಯಂತೆ ಕಣೇ. ತೊಟ್ಲಲ್ಲಿರೋ ಮಗು ಹೂ ಮುಡ್ಕೊಂಡು ಕೂತಿದೆ ನೋಡು" ಎಂದು ಅವಳು ನಕ್ಕಳು.

ಲೆನ್ಸ್ ಹಿಡಿದು ಹೂವಿನ ನಡುವೆ ಎಳೆಯಂತೆ ನಿಂತ ಶಲಾಕೆಗಳನ್ನು ಎಣಿಸಿದೆವು. ಬಿಳಿಯದರಲ್ಲಿ ಐದು. ನೆಟ್ಟಗಿನ ಗಿಡದ ನಸುಗೆಂಪು ಹೂವಿನಲ್ಲಿ ಮೂರು, ಒಂದೊಂದೂ ಬುಡದಿಂದಲೇ ಸೀಳಿಕೊಂಡದ್ದು. ಹೂವಿದ್ದ ಚಪ್ಪಟೆ ಗಿಡವೊಂದನ್ನು ಮರಳಿನ ಸಮೇತ ಟಿಫನ್ ಬಾಕ್ಸಿಗಿಟ್ಟು ತಂದೆವು. ಮೇಷ್ಟ್ರು ಲ್ಯಾಬಿಗೆ ಬಂದದ್ದು ಮಧ್ಯಾಹ್ನ. ಹೂ ಮುಚ್ಚಿತ್ತು.

"ಹೂ ಎಲ್ಲಮ್ಮ?"

"ಬೆಳಿಗ್ಗೆ ಅರಳಿತ್ತು ಸರ್" ಎಂದಳು ಗೆಳತಿ.

"ಇದು ಹೂವಲ್ಲ. ಕಾಂಡ ಏಳ್ತಿದೆ, ಅಷ್ಟೇ."

"ಕಾಂಡದ ತುದೀಲಿ ದಳ ಇರತ್ತಾ ಸರ್?" ನಾನು ಬಾಯಿ ಹಾಕಿದೆ.

"ನಿಂದು ಅಣಬೆ ಪ್ರಾಜೆಕ್ಟ್ ಅಲ್ವೇನಮ್ಮ? ಇದು ಚರ್ಚಾಸ್ಪರ್ಧೆ ಅಲ್ಲ, ಇಲ್ಲಿ ಪ್ರೈಜ್ ಕೊಡಲ್ಲ."

"ಪ್ರೈಜ್ ಬೇಡ ಸರ್. ಹೂ ಬಿಡಿಸಿ ಶಲಾಕೆ ಎಣಿಸಿ. ಮೂರಿದ್ರೆ ನೀವು ಹೇಳಿದ್ದು ಸರಿ, ಐದಿದ್ರೆ ಇವಳು ಬರ್ದಿದ್ದು ಸರಿ."

ಅವರು ಸೂಜಿ ಎತ್ತಿಕೊಂಡರು. ಗಿಡವನ್ನು ಲೆನ್ಸಿನ ಕೆಳಗಿಟ್ಟು ಬಗ್ಗಿ ನೋಡಿದರು. ಸೂಜಿಯ ಮೊನೆ ಮುಚ್ಚಿದ ಹೂವಿನ ಹತ್ತಿರ ಹೋಗಿ ನಿಂತಿತು. ಆಮೇಲೆ ಸೂಜಿಯನ್ನು ಟ್ರೇಗೆ ಹಾಕಿ ಗೆಳತಿಯ ಕಡೆ ತಿರುಗಿದರು.

"ನಿಂಗೆ ಸೀಟ್ ಬೇಕೋ, ಇವಳ ವಾದ ಬೇಕೋ?"

ಇದಕ್ಕೆ ವಾದಶಾಸ್ತ್ರದಲ್ಲಿ ಏನೆನ್ನುತ್ತಾರೆಂದು ನನಗೆ ಗೊತ್ತಿದೆ. ಬೀದಿಯಲ್ಲಿ ಇದಕ್ಕೆ ಬೆದರಿಕೆ ಎನ್ನುತ್ತಾರೆ. ಗೆಳತಿ ನನ್ನ ಮುಖ ನೋಡಲಿಲ್ಲ. ಪೆನ್ನು ತೆಗೆದು ಆ ಸಾಲನ್ನು ಹೊಡೆದು ಹಾಕಿದಳು. ಅವಳು ಕಣ್ಣಾರೆ ಕಂಡದ್ದನ್ನು ಅವಳ ಕೈಯಲ್ಲೇ ಅಳಿಸಿ ಹಾಕಿಸಿದರಲ್ಲ, ಅದರ ಮೇಲಿನ ಕೋಪ ನನಗೆ ಇವತ್ತಿಗೂ ಇಳಿದಿಲ್ಲ. ಮೇಷ್ಟ್ರು ಸಹಿ ಹಾಕಿದರು. ನಾನು ಸೂಜಿಗೆ ಕೈಚಾಚುವಷ್ಟರಲ್ಲಿ ಗಿಡವನ್ನೂ ಮರಳನ್ನೂ ಕಸದ ಬುಟ್ಟಿಗೆ ಸುರಿದು, ಕರವಸ್ತ್ರದಲ್ಲಿ ಬೆರಳು ಒರೆಸಿಕೊಳ್ಳುತ್ತ ಬಾಗಿಲ ಕಡೆ ನಡೆದರು.

ಬಾಗಿಲಿಗೆ ಅಡ್ಡ ನಿಂತು ಕೇಳಿದೆ: "ಸರ್, ಬಿಡಿಸಿದ್ರೆ ಎಷ್ಟು ಕಾಣತ್ತೆ ಅಂತ ನಿಮಗೆ ಮೊದಲೇ ಗೊತ್ತಿತ್ತಾ?"