ಜೇಕಿನ ದಂಡೆಯ ಸುಣ್ಣದ ಕಲ್ಲು

ಶಾಲೆಯಿಂದ ನಿವೃತ್ತನಾದ ಮೇಲೆ ಹನ್ನೊಂದು ವರ್ಷ, ಪ್ರತಿ ಮಳೆಗಾಲ ಮುಗಿದ ಮೊದಲ ಸೋಮವಾರ, ಅಕ್ಕಿಆಲೂರಿನಿಂದ ಆರೂವರೆಯ ಬಸ್ಸು ಹಿಡಿದು ಗುಡ್ಡದ ಕೆರೆಗೆ ಹೋಗಿದ್ದೇನೆ. ಸುತ್ತಲಿನ ಕಾಡು ಸರಕಾರ ಕಾಯ್ದಿಟ್ಟದ್ದು. ದಂಡೆಯಲ್ಲಿ ಗುರುತಿಗೆಂದು ನಾನು ಸುಣ್ಣ ಹಚ್ಚಿದ ಕಲ್ಲಿನಿಂದ ಮೇಲಕ್ಕೆ ಹತ್ತು ಹೆಜ್ಜೆಗೊಮ್ಮೆ ಹಗ್ಗದ ಚೌಕ ಹಾಸಿ, ಅದರೊಳಗಿನ ಗಿಡಗಳನ್ನು ಬರೆದುಕೊಳ್ಳುವುದು ನನ್ನ ಕೆಲಸ. ಮೊದಲ ಚೌಕದಲ್ಲಿ ನೀರಂಚಿನ ಜೇಕು ಹುಲ್ಲು, ಎರಡನೆಯದರಲ್ಲಿ ಒಂದೆಲಗ ಮತ್ತು ಹೊನಗೊನೆ, ಮೂರನೆಯದರಲ್ಲಿ ಲಕ್ಕಿ ಗಿಡ. ಅದರಾಚೆಯ ಕವಳಿ ಕಂಟಿ, ಮತ್ತಿಮರಗಳವರೆಗೆ ನನ್ನ ಹಗ್ಗ ಹೋಗುವುದಿಲ್ಲ. ಪ್ರತಿ ವರ್ಷ ಅದೇ ಸಾಲು. ಹೊರಡುವ ಮುನ್ನ ಕಲ್ಲಿಗೆ ಹೊಸ ಸುಣ್ಣ.

ಈ ವರ್ಷ ಅರಣ್ಯ ಕಚೇರಿಯವರು ಆ ಪಟ್ಟಿ ಕೇಳಿದರು. ಜೇಕು ಕಡಿಮೆಯಾಗಿದ್ದರೆ ಕೊಯ್ಲು ಬಂದ್. ಅಲ್ಲಿ ಜೇಕು ಕೊಯ್ದು ಚಾಪೆ ಹೆಣೆದು ಬದುಕುವ ಹೆಂಗಸಿಗೂ ಸುದ್ದಿ ತಲುಪಿತ್ತು. ನಾನು ಹೋದಾಗ ಆ ಕಲ್ಲಿನ ಮೇಲೆಯೇ ಕುಳಿತಿದ್ದಳು.

“ನನ್ನ ಹೊಟ್ಟಿ ನಿಮ್ಮ ಹಾಳ್ಯಾಗ ಐತ್ರಿ ಸರ್ರ,” ಅಂದಳು.

“ಜೇಕು ಇದ್ದಲ್ಲೇ ಐತಿ. ಅಂಜಬ್ಯಾಡ.”

ಅವಳು ಸಮಾಧಾನದಿಂದ ಎದ್ದು, ಕುಳಿತಿದ್ದ ಸುಣ್ಣದ ಕಲ್ಲನ್ನು ನೀರಿನ ಕಡೆಗೆ ಎರಡು ಉರುಳು ಉರುಳಿಸಿದಳು.

“ಏನ್ ಮಾಡಾಕತ್ತೀ?”

“ನೀರು ಹಿಂದ ಸರದೈತಲ್ರಿ. ಈ ಕಲ್ಲಿನ ಮ್ಯಾಲ ಕುಡಗೋಲು ಮಸ್ಯಾಕ ನೀರು ಕೈಗೆ ಸಿಗಬೇಕು. ವರ್ಷಾ ವರ್ಷಾ ಸರಸ್ತೇನಿ. ನೀವು ಸುಣ್ಣಾ ಹಚ್ಚೋದು ಚೊಲೊ ಆಗೇತಿ ನೋಡ್ರಿ, ಹುಡಕೋದು ತಪ್ಪೇತಿ.”

ಚೀಲದಿಂದ ಮೊದಲ ವರ್ಷದ ವಹಿ ತೆಗೆದೆ. ದೊಡ್ಡ ಮತ್ತಿಮರದಿಂದ ಕಲ್ಲಿಗೆ ನಲವತ್ತು ಹೆಜ್ಜೆ ಎಂದಿತ್ತು. ನಡೆದು ಎಣಿಸಿದೆ. ಅರವತ್ತಮೂರು. ಬಸ್ಸು ತಪ್ಪಿಸಲಿಲ್ಲ, ಸೋಮವಾರ ತಪ್ಪಿಸಲಿಲ್ಲ. ಮರದಿಂದ ಇನ್ನೊಮ್ಮೆ ಎಣಿಸುವುದು ಮಾತ್ರ ಹನ್ನೊಂದು ವರ್ಷ ಹೊಳೆದಿರಲಿಲ್ಲ. ನೀರಿನ ಬೆನ್ನು ಹತ್ತಿ ಜೇಕು, ಜೇಕಿನ ಬೆನ್ನು ಹತ್ತಿ ಲಕ್ಕಿ ಇಳಿದಿದ್ದವು. ನನ್ನ ಕಲ್ಲೂ ಜೊತೆಗೇ ಇಳಿದಿತ್ತು; ಅದಕ್ಕೇ ಪ್ರತಿ ವರ್ಷ ಅದೇ ಸಾಲು.

ಮರದ ಬುಡಕ್ಕೆ ಮರಳಿ ಬಂದು ಕುಳಿತೆ. ಈ ಪಟ್ಟಿ ಕೊಟ್ಟರೆ ಅವಳ ಕೊಯ್ಲು ಉಳಿಯುತ್ತದೆ. ಆದರೆ ಪಟ್ಟಿ ಸುಳ್ಳು. ಹಿಂದೆಯೇ ಬಂದಿದ್ದ ಅವಳಿಗೆ ಎಲ್ಲ ಬಿಡಿಸಿ ಹೇಳಿದೆ. ಅವಳು ಕುಡಗೋಲು ಕೆಳಗಿಟ್ಟಳು.

“ಬರೀರಿ ಸರ್ರ. ಕಲ್ಲು ಸರಿಸಿದಾಕಿ ನಾ ಅಂತ ಮಾತ್ರ ಬರೀಬ್ಯಾಡ್ರಿ.”

ಕಚೇರಿಗೆ ಅಲ್ಲೇ ಬರೆದೆ: ಕಲ್ಲು ಸರಿದಿದೆ, ಹಳೆಯ ಪಟ್ಟಿಯನ್ನು ನಂಬಬೇಡಿ. ನೀರೇ ಇಳಿದಿದೆ, ಕೊಯ್ಲಿನಿಂದ ಹಾನಿಯಾಗಿದೆಯೋ ಇಲ್ಲವೋ ನನಗೆ ತಿಳಿಯದು. ಹೊಸದಾಗಿ ಅಳೆಯುವವರೆಗೆ ಕೊಯ್ಲು ನಿಲ್ಲಿಸಬೇಡಿ. ಅವರು ಒಪ್ಪುತ್ತಾರೋ ಇಲ್ಲವೋ, ಅಳೆಯುವವನಂತೂ ನಾನೇ.

ಹಗ್ಗದ ತುದಿಯನ್ನು ಮತ್ತಿಮರಕ್ಕೆ ಬಿಗಿದೆ.

“ಮತ್ತಿ ಗಿಡಾ ಯಾರಿಗೂ ಸರಸಾಕ ಬರಂಗಿಲ್ಲ ತಗೋರಿ,” ಎನ್ನುತ್ತ ಅವಳು ಇನ್ನೊಂದು ತುದಿ ಹಿಡಿದು ನೀರಿನ ಕಡೆಗೆ ನಡೆದಳು. ನಾನು ಹಿಂದಿನಿಂದ, ಒಂದರಿಂದ ಎಣಿಸುತ್ತ ಇಳಿದೆ.