ಕೆಮ್ಮಣ್ಣು ಬಳಿದ ಪಕ್ಕೆ

ಸರ್ಪಸುತ್ತಿನ ಗುಳ್ಳೆಗಳು ಒಣಗಿ ವರ್ಷವಾದರೂ ನನ್ನ ಪಕ್ಕೆಯ ನವೆ, ಉರಿ ಹೋಗಿರಲಿಲ್ಲ. ಅಂಗಿ ತಾಕಿದರೂ ಜೀವ ಹೋಗುತ್ತಿತ್ತು. ನರದ ನೋವಿಗೆ ಲೇಸರ್ ಚಿಕಿತ್ಸೆ ಕೊಡಿಸಿಕೊಳ್ಳಲು ಪಾಂಡವಪುರದ ಆಸ್ಪತ್ರೆಗೆ ಹೊರಟ ಬೆಳಿಗ್ಗೆ ಅವ್ವ ಹಠ ಹಿಡಿದು ಪಕ್ಕೆಗೆ ಕೆಮ್ಮಣ್ಣು ಬಳಿದಳು. ಗುಳ್ಳೆ ಎದ್ದಾಗಲೂ ಅಷ್ಟೇ, ಆಸ್ಪತ್ರೆಗೆ ಹೋಗಲು ಬಿಡದೆ ಇದನ್ನೇ ಬಳಿದಿದ್ದಳು.

“ಬಣ್ಣದ ಮೇಲೆ ಲೇಸರ್ ಬಿಟ್ರೆ ಚರ್ಮ ಸುಡುತ್ತೆ,” ಎಂದು ನರ್ಸ್ ಒದ್ದೆ ಹತ್ತಿಯಿಂದ ಉಜ್ಜಿದಳು. ನಾನು ಹಲ್ಲು ಕಚ್ಚಿಕೊಂಡು, ಜೊತೆಗೆ ಬಂದಿದ್ದ ಅವ್ವನನ್ನು ದುರುಗುಟ್ಟಿ ನೋಡಿದೆ.

ಪಕ್ಕೆಯ ಮೇಲೆ ಕೆಂಪು ಬೆಳಕು ಬಿತ್ತು. “ಇದೂ ಕೆಮ್ಮಣ್ಣಿನಂಗೇ ಅದೆ ಕಣ್ಲಾ, ವಾಸಿಯಾಯ್ತದೆ ಬುಡು,” ಎಂದಳು ಅವ್ವ.

ಹೇಳಿದಷ್ಟು ಸಲ ಹೋಗಿ ಲೇಸರ್ ಬಿಡಿಸಿಕೊಂಡರೂ ಉರಿ ಹಾಗೇ ಉಳಿಯಿತು. ಅವ್ವ ಮತ್ತೆ ಕೆಮ್ಮಣ್ಣು ಕಲಸಿ ತಂದಳು. ಬೈಯಬೇಕೆಂದಿದ್ದವನು ಅಂಗಿ ಎತ್ತಿ ಪಕ್ಕೆ ಒಡ್ಡಿದೆ.